ತತ್ತಿ ಕೊಳ್ಳುವ ಮೊದಲು ಗೂಡು ನೋಡುತ್ತೇನೆ

ನಮ್ಮ ಕಲಬುರಗಿಯಲ್ಲಿ ‘ಜವಾರಿ’ ಅಂತ ಬೋರ್ಡು ಹಾಕಿದರೆ ಸಾಕು, ತತ್ತಿಯ ರೇಟು ಏರಿಬಿಡುತ್ತದೆ. ಆ ಬೋರ್ಡನ್ನು ನಾನು ನಂಬುವುದಿಲ್ಲ. ಸಿಪ್ಪೆಯ ಬಣ್ಣ ಬರುವುದು ಕೋಳಿಯ ತಳಿಯಿಂದ. ಪಂಜರದ ಕೋಳಿಯೂ ಕಂದು ತತ್ತಿ ಇಡುತ್ತದೆ. ಬಿಳಿ ತತ್ತಿಗೆ ಚಹಾ ಬಣ್ಣ ಹಚ್ಚಿ ಮಾರುವವರೂ ಇದ್ದಾರೆ. ಒಳಗಿನ ಹಳದಿ ಗಾಢವಾಗಿದ್ದರೂ ಕೋಳಿ ಹೇಗೆ ಬದುಕಿದೆ ಅಂತ ಗೊತ್ತಾಗಲ್ಲ, ನನಗೆ ಬೇಕಾದದ್ದು ಅದೇ. ಮೇವಿಗೆ ಚೆಂಡುಹೂವಿನ ಪುಡಿ ಬೆರೆಸಿದರೆ ಅದೇ ಬಣ್ಣ ಬರುತ್ತದೆ.

ಫಾರಂ ಪಂಜರದಲ್ಲಿ ಒಂದು ಕೋಳಿಗೆ ಸಾಮಾನ್ಯವಾಗಿ ಎ4 ಹಾಳೆಯಷ್ಟೂ ಜಾಗ ಇರುವುದಿಲ್ಲ. ರೆಕ್ಕೆ ಬಿಚ್ಚಲೂ ಆಗಲ್ಲ. ಹಾಗಾಗಿ ನಾನು ಆಳಂದ ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ಕೋಳಿ ಸಾಕಿದ ಒಬ್ಬ ಅವ್ವನನ್ನು ಹುಡುಕಿಕೊಂಡೆ. ಮೊದಲು ಕೇಳಿದ್ದು ರೇಟಲ್ಲ.

“ಯವ್ವಾ, ರಾತ್ರಿ ಕೋಳಿ ಎಲ್ಲಿ ಇಡ್ತೀ?”

“ಬುಟ್ಟಿ ಮುಚ್ಚತೀನಿ. ಬೆಕ್ಕಿನ ಕಾಟ ಭಾಳ ಅದ. ಮುಂಜಾನೆ ತಿಪ್ಪಿ ಕಡೆ ಬಿಡ್ತೀನಿ.”

ಇನ್ನೊಮ್ಮೆ ಹೋದಾಗ, “ತತ್ತಿ ಇಲ್ಲ, ಕೋಳಿ ಕಾವಿಗೆ ಕುಂತಾದ” ಅಂದಳು. ನನಗೆ ಖುಷಿಯಾಯಿತು. ಜವಾರಿ ಕೋಳಿ ಕಾವಿಗೆ ಕೂತರೆ ತತ್ತಿ ನಿಲ್ಲುತ್ತದೆ. ಬೇಸಿಗೆಯ ಬಿಸಿಲಿಗೂ ಕಡಿಮೆಯಾಗುತ್ತದೆ. ವರ್ಷಪೂರ್ತಿ ಕೇಳಿದಷ್ಟು ‘ಜವಾರಿ’ ತತ್ತಿ ಕೊಡುವ ಅಂಗಡಿ ಇದ್ದರೆ ಸ್ವಲ್ಪ ಅನುಮಾನ ಪಡಿ.

ಬಾಯ್ಲರ್ ಕೋಳಿಯ ಕಥೆ ಬೇರೆ. ಅದು ಪಂಜರದಲ್ಲಲ್ಲ, ಶೆಡ್ಡಿನ ನೆಲದ ಮೇಲೆ ಬೆಳೆಯುತ್ತದೆ. ಆದರೆ ಆರೇ ವಾರದಲ್ಲಿ ಎರಡು ಕೆಜಿ ದಾಟುತ್ತದೆ, ಎಷ್ಟೋ ಕೋಳಿಗಳ ಕಾಲಿಗೆ ಆ ಭಾರ ಹೊರಲಾಗುವುದಿಲ್ಲ. ನಾವು ಅದನ್ನು ಬಿಟ್ಟೆವು. ಬೈಕಿನ ಹಿಂದೆ ತಲೆಕೆಳಗಾಗಿ ನೇತುಹಾಕಿ ತಂದ ಕೋಳಿ ಯಾವ ತಳಿಯದಾದರೂ ತಗೊಳ್ಳುವುದಿಲ್ಲ.

ಹಾಲಿಗೆ ನನ್ನದು ಒಂದೇ ಪ್ರಶ್ನೆ: “ಕರು ಎಲ್ಲಿ ಅದ ಅಣ್ಣಾ?” ಎಮ್ಮೆಯ ಗಂಡು ಕರುವಿಗೆ ಬೆಲೆ ಇಲ್ಲ ಅಂತ ಹಾಲು ಬಿಡದೆ ಸಾಯಲು ಬಿಡುವವರಿದ್ದಾರೆ. ಆಮೇಲೆ ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನ ಸೂಜಿ ಚುಚ್ಚಿ ಹಾಲು ಇಳಿಸುತ್ತಾರೆ. ಹಾಲಿಗಾಗಿ ದನದ ಆರೋಗ್ಯ ಕೆಡಿಸುವ ಸೂಜಿ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ನಾನು ಸಂಜೆ ಹಿಂಡುವ ಹೊತ್ತಿಗೇ ಗೌಳಿಯ ಕೊಟ್ಟಿಗೆಗೆ ಹೋಗಿ ನಿಂತೆ. ಆತ ಮೊದಲು ಕರು ಬಿಟ್ಟ, ಕೊನೆಗೆ ಒಂದು ಮೊಲೆ ಅದಕ್ಕೇ ಉಳಿಸಿದ. ಅಲ್ಲೇ ದಿನದ ಹಾಲಿನ ವರ್ತನೆ ಹಚ್ಚಿದೆ. ಲೀಟರಿಗೆ ದುಡ್ಡು ಜಾಸ್ತಿ ಕೇಳಿದ, ಕೊಟ್ಟೆ. ಬೀದರ್ ಕಡೆಯ ದೇವಣಿ ಹಸುವಿನ ಹಾಲು ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ನಾಡತಳಿಗಳು ಕರು ಹತ್ತಿರ ಇಲ್ಲದಿದ್ದರೆ ಹಾಲು ಇಳಿಸುವುದೇ ಕಷ್ಟ. ಆದರೆ ದೇವಣಿ ಕೊಡುವ ಹಾಲು ಕಡಿಮೆ, ನಗರಕ್ಕೆ ಬರುವುದು ಅಪರೂಪ.

ಮಟನ್ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ದಖನಿ ಕುರಿ, ಉಸ್ಮಾನಾಬಾದಿ ಮೇಕೆ ಹೆಚ್ಚಾಗಿ ಬಯಲಲ್ಲಿ ಮೇಯ್ದೇ ಬೆಳೆಯುತ್ತವೆ. ತೊಗರಿ, ಜೋಳದ ರಾಶಿ ಮುಗಿದ ಹೊಲಗಳಲ್ಲಿ ಹಿಂಡು ಕೂರುತ್ತದೆ, ರೈತನಿಗೆ ಗೊಬ್ಬರವೂ ಆಯಿತು. ತೊಂದರೆ ಇರುವುದು ಕೊನೆಯ ದಿನ. ಒಂದರ ಎದುರು ಇನ್ನೊಂದನ್ನು ಕೊಯ್ಯಬಾರದು ಅಂತ 2001ರ ಕಸಾಯಿಖಾನೆ ನಿಯಮ ಹೇಳುತ್ತದೆ. ಹಾಗೆ ನಡೆಸುವ ಒಬ್ಬ ಚಾಚಾನ ಅಂಗಡಿಗೆ ಮಾತ್ರ ಹೋಗುತ್ತೇನೆ. ರವಿವಾರದ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ವಾರದ ನಡುವೆ ಹೋದರೆ ಮಾತಾಡಬಹುದು.

ಖರ್ಚು ಏರಲಿಲ್ಲವಾ? ಏರಿತು. ಅದಕ್ಕೇ ತಿನ್ನುವುದು ಕಡಿಮೆಯಾಯಿತು, ತೊಗರಿಬೇಳೆಯ ಊರಿನಲ್ಲಿ ಅದೇನು ಕಷ್ಟವಲ್ಲ. ಹೋಟೆಲಿನಲ್ಲಿ ಮಾತ್ರ ಈ ಪ್ರಶ್ನೆಗಳಿಗೆ ಯಾರೂ ಉತ್ತರ ಕೊಡಲ್ಲ. ಅಲ್ಲಿ ನಾನು ರೊಟ್ಟಿ, ಪುಂಡಿ ಪಲ್ಯ ತರಿಸುತ್ತೇನೆ. ಮೊಸರೂ ಬೇಡ ಅನ್ನುವಷ್ಟು ಗಟ್ಟಿ ಇನ್ನೂ ಆಗಿಲ್ಲ.