ಅಲಸಂದೆ ಬೇರಿನ ಗಂಟು ಮತ್ತು ರೈಜೋಬಿಯಂ: ನನ್ನ ಅನುಭವ

ಮಣ್ಣಿನ ಸೂಕ್ಷ್ಮಾಣುಜೀವಿಗಳ ಲ್ಯಾಬಿನಲ್ಲಿ ನನ್ನ ಕೆಲಸ ಹೆಚ್ಚಾಗಿ ದ್ವಿದಳ ಬೆಳೆಗಳ ಬೇರುಗಂಟಿನ ಮೇಲೆ. ಈ ಗಂಟಿನೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯವೇ ರೈಜೋಬಿಯಂ. ಬ್ಯಾಕ್ಟೀರಿಯ ಬೆಳೆಸುವ ಪ್ಲೇಟಿನಲ್ಲಿ ಬಿಳಿ ಕಾಲೊನಿ (ಬ್ಯಾಕ್ಟೀರಿಯದ ಗುಂಪು) ಕಂಡ ಕೂಡಲೇ ‘ರೈಜೋಬಿಯಂ ಸಿಕ್ತು’ ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಗಿಡ ಒಪ್ಪಬೇಕು. ಅದೇ ಬೆಳೆಯ ಬೇರಿಗೆ ವಾಪಸ್ ಕೊಟ್ಟಾಗ ಗಂಟು ಕಟ್ಟಿದರೆ ಮಾತ್ರ ಆ ಹೆಸರು.

ಕೆಲಸ ಶುರುವಾಗುವುದು ಹೊಲದಲ್ಲಿ. ಅಲಸಂದೆ ಹೂವಿಗೆ ಬರುವ ಹೊತ್ತಿಗೆ ಹೋಗುತ್ತೇನೆ. ಕಾಯಿ ಬಲಿತ ಮೇಲೆ ಗಂಟುಗಳು ಸೊರಗುತ್ತವೆ. ಗಿಡವನ್ನು ಕೈಯಲ್ಲಿ ಎಳೆಯಬಾರದು, ಗಂಟೆಲ್ಲ ಮಣ್ಣಲ್ಲೇ ಉಳಿದುಬಿಡುತ್ತವೆ. ಸುತ್ತ ಗುದ್ದಲಿ ಹಾಕಿ, ಮಣ್ಣಿನ ಸಮೇತ ಎತ್ತಿ, ನೀರಲ್ಲಿ ನೆನೆಸಿ ಮೆಲ್ಲಗೆ ತೊಳೆಯಬೇಕು. ಬೇರಿನ ಪಕ್ಕಕ್ಕೆ ಅಂಟಿಕೊಂಡ ದುಂಡು ಗಂಟು ಉಗುರಲ್ಲಿ ತಳ್ಳಿದರೆ ಕಳಚಿ ಬರುತ್ತದೆ. ಬೇರು ತಾನೇ ಊದಿಕೊಂಡಿದ್ದು ಗಂಟು ಕಳಚದೆ ಇದ್ದರೆ ಅದು ನೆಮಟೋಡ್ ಹುಳದ ಬಾಧೆ.

ಒಂದೆರಡು ಗಂಟನ್ನು ಬ್ಲೇಡಿನಿಂದ ಕೊಯ್ದು ನೋಡುತ್ತೇನೆ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ಗಾಳಿಯ ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಬ್ಯಾಕ್ಟೀರಿಯಕ್ಕೆ ಉಸಿರಾಡಲು ಅದೇ ಆಮ್ಲಜನಕ ಬೇಕು. ಎರಡನ್ನೂ ತೂಗಿಸಿಕೊಂಡು ಹೋಗುವುದು ಈ ಕೆಂಪು. ಎಷ್ಟು ಸಲ ನೋಡಿದರೂ ನನಗೆ ಖುಷಿ. ಹಸಿರು, ಕಂದು ಗಂಟುಗಳನ್ನು ಬಿಟ್ಟುಬಿಡುತ್ತೇನೆ.

ಲ್ಯಾಬಿನಲ್ಲಿ, ಹೊರಮೈಯ ಸೂಕ್ಷ್ಮಾಣುಗಳು ಸಾಯಲಿ ಅಂತ, ಗಂಟನ್ನು ಮೊದಲು ಆಲ್ಕೊಹಾಲ್‌ನಲ್ಲಿ ಕೆಲವು ಸೆಕೆಂಡು ಅದ್ದುತ್ತೇನೆ, ಆಮೇಲೆ ಎರಡು ಮೂರು ನಿಮಿಷ ಸೋಡಿಯಂ ಹೈಪೋಕ್ಲೋರೈಟ್. ನಂತರ ಸ್ಟೆರೈಲ್ ನೀರಲ್ಲಿ ಐದಾರು ಸಲ ತೊಳೆಯಬೇಕು. ಕೊನೆಯ ಸಲ ತೊಳೆದ ನೀರನ್ನೂ ಒಂದು ಪ್ಲೇಟಿಗೆ ಹಾಕುತ್ತೇನೆ. ಅಲ್ಲಿ ಏನೂ ಬೆಳೆಯಬಾರದು. ಬೆಳೆದರೆ ಉಳಿದ ಪ್ಲೇಟುಗಳಲ್ಲಿ ಬಂದದ್ದು ಗಂಟಿನ ಒಳಗಿನದೋ ಹೊರಗಿನದೋ ಅಂತ ಹೇಳುವುದು ಹೇಗೆ, ಅಲ್ವಾ?

ಗಂಟನ್ನು ಜಜ್ಜಿ, ಆ ರಸವನ್ನು ಮ್ಯಾನಿಟಾಲ್ ಮತ್ತು ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುವ ಅಗರ್ ಎಂಬ ಜೆಲ್ಲಿಯ ಮೇಲೆ ಗೆರೆಯಾಗಿ ಎಳೆಯುತ್ತೇನೆ. ಅದಕ್ಕೆ ಕಾಂಗೋ ರೆಡ್ ಬಣ್ಣ ಸೇರಿಸಿರುತ್ತೇವೆ. ಬೇರೆ ಹಲವು ಬ್ಯಾಕ್ಟೀರಿಯಗಳು ಈ ಬಣ್ಣ ಹೀರುತ್ತವೆ, ರೈಜೋಬಿಯಂ ಅಷ್ಟಾಗಿ ಹೀರುವುದಿಲ್ಲ. 28 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಬೇಕು. ಬೆಳಕಿಗೆ ಬಿಟ್ಟರೆ ರೈಜೋಬಿಯಂ ಕೂಡ ಬಣ್ಣ ಹೀರಿಕೊಳ್ಳುತ್ತದೆ. ಅಲಸಂದೆಯ ಗಂಟಲ್ಲಿ ಸಾಮಾನ್ಯವಾಗಿ ಇರುವುದು ರೈಜೋಬಿಯಂ ಬಳಗದ, ನಿಧಾನವಾಗಿ ಬೆಳೆಯುವ ಬ್ರಾಡಿರೈಜೋಬಿಯಂ, ಹಾಗಾಗಿ ವಾರ ಕಾಯಬೇಕು. ಎರಡೇ ದಿನಕ್ಕೆ ಪ್ಲೇಟ್ ತುಂಬಿದರೆ ನನಗೆ ಅನುಮಾನ. ಬರಬೇಕಾದ್ದು ಗಂಜಿ ತಿಳಿಯ ಹನಿಯಂಥ, ಬೆಳ್ಳಗಿನ, ಅಂಟು ಕಾಲೊನಿ.

ಇಷ್ಟಾದರೂ ಸಾಲದು. ಹೀಗೇ ಕಾಣುವ ಬೇರೆ ಬ್ಯಾಕ್ಟೀರಿಯಗಳೂ ಗಂಟಿನೊಳಗೆ ಇರುತ್ತವೆ. ಅದಕ್ಕೇ ಲಿಯೊನಾರ್ಡ್ ಜಾರ್. ಮೇಲೆ ಮರಳು, ಕೆಳಗೆ ಸಾರಜನಕವಿಲ್ಲದ ಪೋಷಕ ದ್ರಾವಣ, ನಡುವೆ ಹತ್ತಿಯ ಬತ್ತಿ. ಕೆಲವು ಜಾರ್‌ಗಳಿಗೆ ಬ್ಯಾಕ್ಟೀರಿಯ ಕೊಡುತ್ತೇನೆ, ಕೆಲವಕ್ಕೆ ಏನೂ ಇಲ್ಲ, ಇನ್ನು ಕೆಲವಕ್ಕೆ ಸಾರಜನಕವಿರುವ ನೈಟ್ರೇಟ್ ಮಾತ್ರ. ಜರ್ಮನಿಯಲ್ಲಿ ವಿಜ್ಞಾನಿಗಳಾದ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಮಾಡಿದ್ದೂ ಮರಳಿನ ಕುಂಡಗಳಲ್ಲೇ. ಗಂಟಿರುವ ದ್ವಿದಳ ಗಿಡ ಗಾಳಿಯ ಸಾರಜನಕ ಬಳಸುತ್ತದೆ ಅಂತ 1886ರಲ್ಲಿ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಇವತ್ತು ಡಿಎನ್‌ಎ ಓದಿ ಜಾತಿ ಹೇಳಬಹುದು, ನಾವೂ ಓದಿಸುತ್ತೇವೆ. ಆದರೆ ಮರಳಿನ ಕುಂಡ ಬಿಡುವ ಹಾಗಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕೈದು ವಾರಕ್ಕೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಏನೂ ಕೊಡದ ಗಿಡ ಹಳದಿ, ಅದರ ಬೇರಲ್ಲಿ ಒಂದೂ ಗಂಟು ಇರಬಾರದು. ಬ್ಯಾಕ್ಟೀರಿಯ ಕೊಟ್ಟ ಗಿಡವನ್ನು ಕಿತ್ತು ಗಂಟು ಎಣಿಸಿ, ಕೊಯ್ದು ಬಣ್ಣ ನೋಡಿ, ಗಿಡವನ್ನು ಒಣಗಿಸಿ ತೂಕ ಹಾಕುತ್ತೇನೆ. ಗಂಟು ಜಾಸ್ತಿ ಇದ್ದ ಮಾತ್ರಕ್ಕೆ ಅದು ಒಳ್ಳೆಯ ಬ್ಯಾಕ್ಟೀರಿಯ ತಳಿ ಅಲ್ಲ. ರಾಶಿ ಗಂಟು ಕಟ್ಟಿ ಗಿಡಕ್ಕೆ ಏನೂ ಕೊಡದ ತಳಿಗಳೂ ಇವೆ. ರೈತರು ಬೆಲ್ಲದ ನೀರಲ್ಲಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತುವ ಜೀವಾಣು ಗೊಬ್ಬರದ ಪ್ಯಾಕೆಟ್ಟಿಗೆ ಅಂಥದ್ದು ಹೋಗಬಾರದು. ಹಾಗಾಗಿ ನಮ್ಮ ಫ್ರಿಜ್‌ನಲ್ಲಿ ಜಾಗ ಸಿಗುವುದು ಒಣ ತೂಕದಲ್ಲಿ ನೈಟ್ರೇಟ್ ಕೊಟ್ಟ ಗಿಡದ ಹತ್ತಿರಕ್ಕೆ ಬಂದ ತಳಿಗೆ ಮಾತ್ರ.