ಮದರ್‌ಬೋರ್ಡ್ ಬದಲಾಯಿಸಿದೆ, ವಿಂಡೋಸ್ ಹಳೆಯದನ್ನೇ ಉಳಿಸಿಕೊಂಡೆ

ಮದರ್‌ಬೋರ್ಡ್ ಬದಲಾಯಿಸಬೇಕು ಅಂದ ಕೂಡಲೇ ಅಂಗಡಿಯವರು ಹೇಳುವುದು ಒಂದೇ ಮಾತು: ‘ಹಂಗಾದ್ರೆ ಫಾರ್ಮ್ಯಾಟ್ ಮಾಡ್ಬೇಕು ಸರ್.’ ನನಗೆ ಅದು ಬೇಕಿರಲಿಲ್ಲ. ನನ್ನದು ಡಿಟಿಪಿ ಕೆಲಸ. ಪೇಜ್‌ಮೇಕರ್, ಕನ್ನಡ ಟೈಪಿಸುವ ನುಡಿ, ಯೂನಿಕೋಡ್ ಬರುವ ಮೊದಲಿನ ಫಾಂಟುಗಳು, ಪ್ರಿಂಟರಿಗೆ ಹೊಂದಿಸಿಟ್ಟ ಬಣ್ಣಗಳು, ಲೆಕ್ಕಕ್ಕೆ ಟ್ಯಾಲಿ, ಎಲ್ಲ ಒಂದೇ ಸಿಸ್ಟಮ್‌ನಲ್ಲಿವೆ. ಇವನ್ನೆಲ್ಲ ಮತ್ತೆ ಮೊದಲಿನಿಂದ ಕೂರಿಸುವುದೆಂದರೆ ಕೆಲಸ ನಿಲ್ಲಿಸಿ ಕೂತಂತೆಯೇ.

ಹಳೆಯದು ಐ5-4460 ಪ್ರೊಸೆಸರ್, ಎಚ್81 ಬೋರ್ಡ್, ಡಿಡಿಆರ್3 ರ್‍ಯಾಮ್. ಹೊಸದು ಐ5-12400, ಬಿ660 ಬೋರ್ಡ್, ಡಿಡಿಆರ್4. ನಾಲ್ಕು ಕೋರ್ ಇದ್ದಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಎಸ್‌ಎಸ್‌ಡಿ ಮತ್ತು ಅದರಲ್ಲಿದ್ದ ವಿಂಡೋಸ್ 10 ಮಾತ್ರ ಹಾಗೇ ಇರಬೇಕು.

ಅಂಗಡಿಯವರ ಮಾತು ಸುಮ್ನೆ ಹುಟ್ಟಿದ್ದಲ್ಲ. ಎಕ್ಸ್‌ಪಿ ಕಾಲದಲ್ಲಿ ವಿಂಡೋಸ್ ತಾನು ಮೊದಲು ನೋಡಿದ ಡಿಸ್ಕ್ ಕಂಟ್ರೋಲರ್‌ನ ಡ್ರೈವರನ್ನೇ (ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್) ನಂಬಿಕೊಂಡು ಬೂಟ್ ಆಗುತ್ತಿತ್ತು. ಬೋರ್ಡ್ ಬದಲಾದರೆ ನೀಲಿ ಪರದೆ, 0x7ಬಿ ದೋಷ. ವಿಂಡೋಸ್ 10ರಲ್ಲಿ ಡಿಸ್ಕ್ ಜೋಡಿಸುವ ಈಗಿನ ಬಗೆಗಳಾದ ಎಎಚ್‌ಸಿಐ ಮತ್ತು ಎನ್‌ವಿಎಂಇ ಡ್ರೈವರುಗಳು ಒಳಗೇ ಇರುತ್ತವೆ. ಹೊಸ ಬೋರ್ಡ್ ಕಂಡರೆ ಅದೇ ಹುಡುಕಿ ಜೋಡಿಸಿಕೊಳ್ಳುತ್ತದೆ. ಈಗ ತೊಡಕು ಬರುವುದು ಬೇರೆ ಕಡೆ: ಬೂಟ್ ಆಗುವ ಬಗೆ, ಲೈಸೆನ್ಸ್, ಎನ್‌ಕ್ರಿಪ್ಶನ್ (ಡಿಸ್ಕಿನ ಬೀಗ) ಕೀ. ಈ ಮೂರನ್ನೂ ಹಳೆಯ ಬೋರ್ಡ್ ಇನ್ನೂ ಓಡುತ್ತಿರುವಾಗಲೇ ಬಿಡಿಸಿಟ್ಟುಕೊಳ್ಳಬೇಕು. ಸ್ಕ್ರೂಡ್ರೈವರ್ ಕೆಲಸ ಅದಾದ ಮೇಲೆ.

ಮೊದಲು ಕ್ಲೋನ್‌ಝಿಲ್ಲಾ ಎಂಬ ಟೂಲ್‌ನಿಂದ ಇಡೀ ಎಸ್‌ಎಸ್‌ಡಿಯ ಇಮೇಜ್ (ಪೂರ್ತಿ ನಕಲು) ತೆಗೆದು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿದೆ. ಇದಿಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ನಾನು ಇಡುವುದಿಲ್ಲ.

ನನ್ನ ಸಿಸ್ಟಮ್‌ನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಬೂಟ್ ವಿಷಯ. ನನ್ನ ವಿಂಡೋಸ್ ಹಳೆಯ ಲೆಗಸಿ ಬೂಟ್ ರೀತಿಯಲ್ಲಿ, ಎಂಬಿಆರ್ ಎಂಬ ಹಳೆಯ ಪಾರ್ಟಿಶನ್ ಪಟ್ಟಿಯ ಡಿಸ್ಕ್ ಮೇಲೆ ಇನ್‌ಸ್ಟಾಲ್ ಆಗಿತ್ತು. 12400ರ ಒಳಗಿನ ಗ್ರಾಫಿಕ್ಸ್ ಬಳಸುವುದಾದರೆ ಲೆಗಸಿ ನಡೆಯುವುದಿಲ್ಲ, ಯುಇಎಫ್‌ಐ ಎಂಬ ಹೊಸ ಬೂಟ್ ರೀತಿ ಬೇಕೇ ಬೇಕು. ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಆಗಲು ಡಿಸ್ಕ್ ಜಿಪಿಟಿ ಎಂಬ ಹೊಸ ಪಾರ್ಟಿಶನ್ ಪಟ್ಟಿಯದ್ದಾಗಿರಬೇಕು. ಇದಕ್ಕೆ ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಟೂಲ್ ಇದೆ, 2017ರ 1703 ಆವೃತ್ತಿಯಿಂದ. ಮೊದಲು ವ್ಯಾಲಿಡೇಟ್ ಅಂತ ಕೊಟ್ಟು ಪರೀಕ್ಷೆ, ಆಮೇಲೆ ಕನ್ವರ್ಟ್. ಡೇಟಾ ಅಳಿಯುವುದಿಲ್ಲ. ಆದರೆ ಒಂದು ಷರತ್ತಿದೆ. ಆ ಡಿಸ್ಕಿನಲ್ಲಿ ಮೂರಕ್ಕಿಂತ ಜಾಸ್ತಿ ಪಾರ್ಟಿಶನ್ ಇರಬಾರದು, ಲಾಜಿಕಲ್ ಪಾರ್ಟಿಶನ್ (ಒಂದು ಪಾರ್ಟಿಶನ್ ಒಳಗೇ ಮಾಡಿದ ಭಾಗ) ಇರಲೇಬಾರದು. ನಮ್ಮಲ್ಲಿ ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಹರಿದು ಹಂಚುವ ರೂಢಿ ಇದೆ ಅಲ್ವಾ, ಹಾಗಿದ್ದರೆ ಪರೀಕ್ಷೆಯಲ್ಲೇ ನಿಂತುಬಿಡಬಹುದು. ನನ್ನ ಡಿ ಮತ್ತು ಇ ಬೇರೆ ಹಾರ್ಡ್‌ಡಿಸ್ಕಿನಲ್ಲಿದ್ದವು. ಎಸ್‌ಎಸ್‌ಡಿ ಸಲೀಸಾಗಿ ಬದಲಾಯಿತು. ಹಾರ್ಡ್‌ಡಿಸ್ಕಿಗೆ ಕೈ ಹಚ್ಚಲಿಲ್ಲ. ಬರೀ ಫೈಲ್ ಇಡುವ ಡಿಸ್ಕ್ ಎಂಬಿಆರ್ ಆಗಿದ್ದರೂ ನಡೆಯುತ್ತದೆ.

ಹಳೆಯ ಎಚ್81 ಬೋರ್ಡಿನಲ್ಲೂ ಯುಇಎಫ್‌ಐ ಇತ್ತು. ಹಾಗಾಗಿ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಲೆಗಸಿ ತೆಗೆದು, ಹಳೆಯ ಬೋರ್ಡಿನ ಮೇಲೆಯೇ ಹೊಸ ರೀತಿಯಲ್ಲಿ ಬೂಟ್ ಮಾಡಿ ನೋಡಿದೆ. ಇದು ತುಂಬಾ ಮುಖ್ಯ ಅನ್ನಿಸುತ್ತದೆ ನನಗೆ. ಎರಡು ಬದಲಾವಣೆ ಒಟ್ಟಿಗೆ ಮಾಡಿ ಪರದೆ ಕಪ್ಪಾದರೆ, ಕೆಟ್ಟದ್ದು ಡಿಸ್ಕೋ ಬೋರ್ಡೋ ಗೊತ್ತಾಗುವುದಿಲ್ಲ.

ಲೈಸೆನ್ಸ್ ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಆಜ್ಞೆಯ ಜೊತೆ ಡಿಎಲ್‌ಐ ಅಂತ ಕೊಟ್ಟರೆ ಅದು ರೀಟೇಲೋ (ಬಿಡಿಯಾಗಿ ಕೊಂಡದ್ದು) ಒಇಎಂಓ (ಸಿಸ್ಟಮ್ ಜೊತೆ ಬಂದದ್ದು) ತಿಳಿಯುತ್ತದೆ. ಒಇಎಂ ಆ ಬೋರ್ಡಿಗೇ ಅಂಟಿದ್ದು, ಹೊಸ ಬೋರ್ಡಿಗೆ ಹೊಸ ಲೈಸೆನ್ಸ್ ಲೆಕ್ಕ ಹಾಕಿಟ್ಟುಕೊಳ್ಳಿ. ನನ್ನದು ರೀಟೇಲ್. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದೆ. ಟ್ಯಾಲಿ ಲೈಸೆನ್ಸನ್ನು ಸರೆಂಡರ್ ಮಾಡಿದೆ, ಅಂದರೆ ಹಳೆಯ ಸಿಸ್ಟಮ್‌ನಿಂದ ಬಿಡಿಸಿದೆ. ಹಳೆಯ ಬೋರ್ಡಿನ ಜೊತೆ ಬಂದಿದ್ದ ಫ್ಯಾನ್, ಅಪ್‌ಡೇಟ್ ಇತ್ಯಾದಿ ಟೂಲ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಹೊಸ ಬೋರ್ಡಿನ ಲ್ಯಾನ್ (ಕೇಬಲ್ ನೆಟ್) ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೆ.

ಬೋರ್ಡ್ ಕೂರಿಸಿದ್ದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬಯಾಸ್‌ನಲ್ಲಿ ಡಿಸ್ಕ್ ಎಎಚ್‌ಸಿಐಗೆ ಇದೆಯೇ, ಇಂಟೆಲ್‌ನ ಡಿಸ್ಕ್ ನಿರ್ವಹಣೆಯ ವಿಎಂಡಿ ಆಫ್ ಇದೆಯೇ ಅಂತ ನೋಡಿಕೊಂಡೆ. ವಿಎಂಡಿ ಆನ್ ಇದ್ದರೆ ಅದರ ಡ್ರೈವರ್ ಇಲ್ಲದ ವಿಂಡೋಸಿಗೆ ತನ್ನ ಡಿಸ್ಕೇ ಕಾಣದೆ ಹೋಗಬಹುದು.

ಮೊದಲ ಬೂಟ್‌ನಲ್ಲಿ ‘ಗೆಟ್ಟಿಂಗ್ ಡಿವೈಸಸ್ ರೆಡಿ’ ಅಂತ ಬಂತು, ಶೇಕಡಾ ಏರುತ್ತಾ ಹೋಯಿತು. ಆಗ ಪವರ್ ಬಟನ್ ಮುಟ್ಟಬಾರದು. ತಾನೇ ರೀಸ್ಟಾರ್ಟ್ ಆಗಿ ಡೆಸ್ಕ್‌ಟಾಪ್ ಬಂತು. ಅಕ್ಷರಗಳು ದಪ್ಪಗೆ ಕಂಡವು, ಯಾಕೆಂದರೆ ಗ್ರಾಫಿಕ್ಸ್ ಡ್ರೈವರ್ ಇನ್ನೂ ಬಂದಿರಲಿಲ್ಲ. ಲ್ಯಾನ್ ಕೂಡ ಸತ್ತಿತ್ತು. ಪೆನ್‌ಡ್ರೈವ್ ಕೆಲಸಕ್ಕೆ ಬಂತು. ಅದೂ ಇಲ್ಲದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡಬಹುದು. ನೆಟ್ ಬಂದ ಮೇಲೆ ಉಳಿದ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ತಂದುಕೊಂಡಿತು. ಆಕ್ಟಿವೇಶನ್ ಹೋಗಿತ್ತು. ಟ್ರಬಲ್‌ಶೂಟ್ ಒತ್ತಿ, ಹಾರ್ಡ್‌ವೇರ್ ಈಗಷ್ಟೇ ಬದಲಾಯಿಸಿದ್ದೇನೆ ಎಂಬ ಸಾಲು ಆರಿಸಿ, ಪಟ್ಟಿಯಿಂದ ನನ್ನ ಸಿಸ್ಟಮ್ ತೋರಿಸಿದೆ. ಮರಳಿ ಬಂತು. ನುಡಿ ತೆರೆದೆ, ಪೇಜ್‌ಮೇಕರ್ ತೆರೆದೆ, ಹಿಂದಿನ ದಿನ ಬಿಟ್ಟಿದ್ದ ಪುಟ ಹಾಗೇ ಇತ್ತು. ಆಗಿನ ನೆಮ್ಮದಿ ದೊಡ್ಡದು.

ಎನ್‌ಕ್ರಿಪ್ಶನ್ ವಿಷಯ ನನಗೆ ಎದುರಾದದ್ದು ತಮ್ಮನ ಸಿಸ್ಟಮ್‌ನಲ್ಲಿ. ಅಲ್ಲಿ ಬದಲಾದದ್ದು ಪ್ರೊಸೆಸರ್ ಮಾತ್ರ, ರೈಜೆನ್ 5 2600 ಹೋಗಿ 5600. ಬರೀ ಪ್ರೊಸೆಸರ್ ಅಲ್ವಾ, ಏನಾಗುತ್ತದೆ ಅನ್ನುವವರೇ ಜಾಸ್ತಿ. ಆದರೆ ರೈಜೆನ್‌ನಲ್ಲಿ ಕೀಗಳನ್ನು ಕಾಪಾಡುವ ಟಿಪಿಎಂ ಪ್ರೊಸೆಸರ್‌ನ ಒಳಗೇ ಇರುತ್ತದೆ. ಡಿಸ್ಕಿನ ಬೀಗ ತೆಗೆಯುವ ಕೀ ಅದನ್ನೇ ನೆಚ್ಚಿಕೊಂಡಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರಬಹುದು, ಬಳಸುವವರಿಗೆ ಗೊತ್ತೂ ಇರುವುದಿಲ್ಲ. ತಮ್ಮನದು ಹಾಗೇ ಆಗಿತ್ತು. 48 ಅಂಕಿಯ ರಿಕವರಿ ಕೀ ಬರೆದುಕೊಂಡು, ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಸ್ಕಿನ ಬೀಗ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದೆವು. ಹಳೆಯ ಪ್ರೊಸೆಸರ್ ಇದ್ದಾಗಲೇ ಬಯಾಸ್ ಅಪ್‌ಡೇಟ್ ಮಾಡಿದೆವು, ಇಲ್ಲದಿದ್ದರೆ ಹಳೆಯ ಬೋರ್ಡಿಗೆ 5600 ಗುರುತೇ ಸಿಗದಿರಬಹುದು. 5600 ಹಾಕಿ ಆನ್ ಮಾಡಿದಾಗ ಟಿಪಿಎಂ ರೀಸೆಟ್ ಮಾಡಲೇ, ವೈ ಅಥವಾ ಎನ್ ಒತ್ತಿ ಅಂತ ಬಯಾಸ್ ಕೇಳಿತು. ಬೀಗ ಮೊದಲೇ ತೆಗೆದಿದ್ದರಿಂದ ಧೈರ್ಯವಾಗಿ ವೈ ಒತ್ತಿದೆವು. ವಿಂಡೋಸ್ ಲಾಗಿನ್ ಪಿನ್ ಮಾತ್ರ ನಡೆಯಲಿಲ್ಲ, ಅದೂ ಟಿಪಿಎಂ ನೆಚ್ಚಿಕೊಂಡದ್ದೇ. ಖಾತೆಯ ಪಾಸ್‌ವರ್ಡ್ ಹಾಕಿ ಹೊಸ ಪಿನ್ ಮಾಡಿಕೊಂಡ. ಆಮೇಲೆ ಎನ್‌ಕ್ರಿಪ್ಶನ್ ಮತ್ತೆ ಆನ್.

ವಿಂಡೋಸ್ ಮೊದಲೇ ಕೆಟ್ಟು ಕೂತಿದ್ದರೆ, ದಿನಾ ಹ್ಯಾಂಗ್ ಆಗುತ್ತಿದ್ದರೆ, ಅಥವಾ 32 ಬಿಟ್‌ನದ್ದಾಗಿದ್ದರೆ ಫಾರ್ಮ್ಯಾಟ್ ಮಾಡುವುದೇ ಸರಿ. ನನ್ನದು ಚೆನ್ನಾಗಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಬೋರ್ಡಿನಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಇದ್ದದ್ದರಿಂದ ಅದೇ ಇನ್‌ಸ್ಟಾಲ್ ಮೇಲೆಯೇ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿಕೊಂಡೆ. ಅಪ್‌ಗ್ರೇಡ್‌ಗೆ ಮುಂಚೆ ಕ್ಲೋನ್‌ಝಿಲ್ಲಾದಲ್ಲಿ ಇನ್ನೊಂದು ಇಮೇಜ್ ತೆಗೆದಿಟ್ಟೆ.