ನಲ್ಲಿಗೆ ನೀರು ಕೊಡುವ ಟ್ಯಾಂಕನ್ನು ತೊಳೆಯುವುದು ಹೇಗೆ?

ಮೂಲ ನದಿಯೇ ಇರಲಿ, ಕೊಳವೆ ಬಾವಿಯೇ ಇರಲಿ, ಟ್ಯಾಂಕಿರುವ ಮನೆಯಲ್ಲಿ ನಲ್ಲಿಗೆ ಬರುವುದು ಚಾವಣಿಯ ಮೇಲೆ ಗಂಟೆಗಟ್ಟಲೆ ನಿಂತ ನೀರು. ಶುದ್ಧೀಕರಣ ಘಟಕದಲ್ಲಿ ಬೆರೆಸಿದ ಕ್ಲೋರಿನ್ ಹಾಗೆ ನಿಂತಷ್ಟೂ ಕುಗ್ಗುತ್ತಾ ಹೋಗುತ್ತದೆ. ಆದ್ದರಿಂದ ಆರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯಲೇಬೇಕು. ಆದರೆ ಕೆಸರಿನ ಮೇಲೆಯೇ ಬ್ಲೀಚಿಂಗ್ ಪುಡಿ ಎರಚಿ, ಅರ್ಧ ಗಂಟೆಯಲ್ಲಿ ನೀರು ಹೊರಬಿಟ್ಟು ಕೆಲಸ ಮುಗಿಯಿತೆನ್ನುವವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು ಒಳಬರುವ ನೀರನ್ನು ನಿಲ್ಲಿಸಿ, ಇರುವುದನ್ನು ಬಳಸಿ ಖಾಲಿ ಮಾಡಿ. ಹೊರಹೋಗುವ ಕೊಳವೆ ತಳಕ್ಕಿಂತ ತುಸು ಮೇಲಿರುವುದರಿಂದ ಕೆಸರು ಅಡಿಯಲ್ಲೇ ಉಳಿಯುತ್ತದೆ. ಮನೆಗೆ ಹೋಗುವ ವಾಲ್ವ್ ಮುಚ್ಚಿ, ಆ ಕೆಸರನ್ನು ಮಗ್ಗಿನಿಂದ ಎತ್ತಿ, ಬಟ್ಟೆಯಿಂದ ಒರೆಸಿ ತೆಗೆಯಿರಿ.

ಗೋಡೆಗಳನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ. ಉಕ್ಕಿನ ಜುಂಗು ಬೇಡ, ಅದು ಮಾಡುವ ಗೀರುಗಳಲ್ಲಿ ಲೋಳೆ ಮತ್ತೆ ಹಿಡಿಯುತ್ತದೆ. ಸಾಬೂನು ಪುಡಿಯೂ ಬೇಡ. ನೆಲದಡಿಯ ಸಂಪಿನಲ್ಲಿ ಗಾಳಿ ಕೆಟ್ಟಿರಬಹುದಾದ್ದರಿಂದ ಒಬ್ಬರೇ ಎಂದಿಗೂ ಇಳಿಯಬೇಡಿ.

ಇನ್ನು ಎಲ್ಲರೂ ಎಡವುವ ಹಂತ. ಕ್ಲೋರಿನ್ ಕೊಳೆಯೊಡನೆ ಸೇರಿದರೆ ಅಲ್ಲೇ ವ್ಯಯವಾಗಿ, ರೋಗಾಣುಗಳನ್ನು ಕೊಲ್ಲಲು ಉಳಿಯುವುದಿಲ್ಲ. ಹಾಗಾಗಿ ಉಜ್ಜಿ ತೊಳೆದ ಮೇಲೆಯೇ ಬ್ಲೀಚಿಂಗ್ ಪುಡಿ ಬಳಸಬೇಕು. ಶೇ 33ರಷ್ಟು ಕ್ಲೋರಿನ್ ಇರುವ ಪುಡಿಯಾದರೆ ಪ್ರತಿ 1000 ಲೀಟರಿಗೆ ಸುಮಾರು 150 ಗ್ರಾಂ ಬೇಕು. ಆಗ ಪ್ರತಿ ಲೀಟರಿನಲ್ಲಿ 50 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಗಂಟುಕಟ್ಟಿದ, ಘಾಟು ಕಳೆದುಕೊಂಡ ಹಳೆಯ ಪುಡಿಯಲ್ಲಿ ಶಕ್ತಿಯಿರುವುದಿಲ್ಲ. ತಯಾರಿಕೆಯ ದಿನಾಂಕವಿಲ್ಲದ ಪೊಟ್ಟಣವನ್ನು ಕೊಳ್ಳಲೇಬೇಡಿ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ, ಸುಣ್ಣ ತಳಕ್ಕಿಳಿಯುವವರೆಗೆ ಕಾಯ್ದು, ಮೇಲಿನ ತಿಳಿಯನ್ನು ಮಾತ್ರ ಕಾಲುಭಾಗ ತುಂಬಿದ ಟ್ಯಾಂಕಿಗೆ ಸುರಿದು, ಬಳಿಕ ಪೂರ್ತಿ ತುಂಬಿಸಿ. ಈ ಕೆಲಸಕ್ಕೆ ಕೈಗವಸು, ಕನ್ನಡಕ ಬೇಕು. ಆಸಿಡ್ಡನ್ನಾಗಲಿ ಶೌಚಾಲಯದ ಕ್ಲೀನರನ್ನಾಗಲಿ ಇದರೊಡನೆ ಬೆರೆಸಿದರೆ ವಿಷಾನಿಲ ಏಳುತ್ತದೆ; ಅವುಗಳನ್ನು ಹತ್ತಿರಕ್ಕೂ ತರಬೇಡಿ.

ಟ್ಯಾಂಕ್ ತುಂಬಿದ ಮೇಲೆ ಫಿಲ್ಟರಿಗೆ ಹೋಗುವ ನೀರನ್ನು ಮುಚ್ಚಿ, ಮನೆಯ ವಾಲ್ವ್ ತೆರೆದು, ಕ್ಲೋರಿನ್ ವಾಸನೆ ಬರುವವರೆಗೆ ಒಂದೊಂದೇ ನಲ್ಲಿಯನ್ನು ಬಿಟ್ಟು ನಿಲ್ಲಿಸಿ. ಇದನ್ನು ಮರೆತರೆ ಶುದ್ಧವಾದ ಟ್ಯಾಂಕಿನ ನೀರು ಕೊಳಕು ಕೊಳವೆಗಳಲ್ಲೇ ಹರಿದು ಬರುತ್ತದೆ. ಇಳಿದಷ್ಟು ನೀರನ್ನು ಟ್ಯಾಂಕಿಗೆ ಮತ್ತೆ ತುಂಬಿಸಿ, 24 ಗಂಟೆ ಹಾಗೆಯೇ ಬಿಡಿ. ಅವಸರವಿದ್ದರೆ ಪುಡಿಯನ್ನು ಇಮ್ಮಡಿಗೊಳಿಸಿ 8 ಗಂಟೆ ಬಿಡಬಹುದು. ನಾನಂತೂ ಇಡೀ ದಿನ ಕಾಯುವುದನ್ನೇ ಒಪ್ಪುತ್ತೇನೆ. ಅಷ್ಟು ಹೊತ್ತು ಆ ನೀರನ್ನು ಯಾರೂ ಕುಡಿಯದಂತೆ ಎಲ್ಲರಿಗೂ ತಿಳಿಸಿ.

ಅನಂತರ ಅದನ್ನು ಗಿಡಗಳಿಗೂ ಮೀನಿರುವ ಕೊಳಕ್ಕೂ ಸೇರದಂತೆ ಚರಂಡಿಗೆ ಬಿಟ್ಟು, ಹೊಸ ನೀರು ತುಂಬಿಸಿ, ಘಾಟು ಹೋಗುವವರೆಗೆ ನಲ್ಲಿಗಳನ್ನು ಹರಿಸಿ. ಮುಚ್ಚಳ ಬಿಗಿದು, ಹೆಚ್ಚಾದ ನೀರು ಹೊರಬೀಳುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದ ಬಳಿಕವೇ ಏಣಿಯಿಂದ ಇಳಿಯಿರಿ.